ನಾನೂರ ಹದಿಮೂರನೆಯ ಗೋರಿ

ಮೂರನೇ ಸಲ ಎಣಿಸಿದಾಗಲೂ ಒಂದು ಗೋರಿ ಜಾಸ್ತಿಯೇ ಬಂತು.

ನಾನು ಕುಸಿದ ಗೋಡೆಯ ಪಕ್ಕ ನಿಂತು ಬೆವರು ಒರೆಸಿಕೊಂಡೆ. ಇನ್ಸ್‌ಪೆಕ್ಟರ್ ಝೆರ್ವಾಲ್ ಆ ತುದಿಯಿಂದ ಬೆರಳು ಮಡಚುತ್ತ ಬರುತ್ತಿದ್ದರು. ಅವರದ್ದೂ ಅದೇ ಲೆಕ್ಕ. ನಾನೂರ ಹದಿಮೂರು.

ಕೈಯಲ್ಲಿದ್ದ ನಕ್ಷೆಯಲ್ಲಿ ಇದ್ದದ್ದು ನಾನೂರ ಹನ್ನೆರಡು. ಎಂಬತ್ತಮೂರರ ಅಕ್ಟೋಬರಿನಲ್ಲಿ ನಮ್ಮ ತಿಫ್ರಿತ್ ಊರಿನ ಈ ಯೆಹೂದಿ ಸ್ಮಶಾನವನ್ನು ಅಳೆಯಲು ಬಂದು, ಕೆಲಸ ಮುಗಿದ ವಾರವೇ ಕಾಣೆಯಾದ ಮೀರ್ ಅಫ್ರಿಯಾತ್ ಬರೆದ ನಕ್ಷೆ ಅದು. ಕಾಣೆಯಾಗುವ ಮುಂಚೆ ಅವನು ಅದನ್ನು ಕಾಸಾಬ್ಲಾಂಕಾದ ಅಕ್ಕನಿಗೆ ಅಂಚೆಯಲ್ಲಿ ಕಳಿಸಿದ್ದ. ಅಕ್ಕನ ಕಪಾಟಿನಲ್ಲಿ ಹತ್ತು ವರ್ಷ ಮಲಗಿ, ಈಗ ತೊಂಬತ್ತನಾಲ್ಕರ ಜೂನಿನಲ್ಲಿ, ಕಾಣೆಯಾದ ಆ ಕೇಸನ್ನು ಮತ್ತೆ ತೆರೆದ ಝೆರ್ವಾಲರ ಕೈ ಸೇರಿತ್ತು.

"ಕಲ್ಲು ಕಳುವಾದ ಸ್ಮಶಾನ ಬೇಕಾದಷ್ಟು ನೋಡಿದೀನಿ ಮೇಷ್ಟ್ರೇ," ಅಂದರು ಅವರು. "ಗೋರಿ ಮರಿ ಹಾಕಿದ್ದು ಇದೇ ಮೊದಲು."

ನನಗೆ ನಗು ಬರಲಿಲ್ಲ. ಶಾಲೆಯಿಂದ ನಿವೃತ್ತನಾದ ಮೇಲೆ ಎರಡು ವರ್ಷದಿಂದ ನಾನು ಈ ಗೋರಿಗಳ ಪಟ್ಟಿ ಬರೆಯುತ್ತಿದ್ದೇನೆ. ಗೋಡೆ ಮೂರು ಕಡೆ ಬಿದ್ದಿದೆ. ಆಡುಗಳು ಒಳಗೇ ಮೇಯುತ್ತವೆ. ಅಕ್ಷರ ಕೆತ್ತಿದ ಚಪ್ಪಡಿಗಳು ಊರಿನ ಎಷ್ಟೋ ಮನೆಗಳಲ್ಲಿ ಹೊಸ್ತಿಲಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ. ಕೊನೆಯ ಯೆಹೂದಿ ಕುಟುಂಬ ಊರು ಬಿಟ್ಟು ಇಪ್ಪತ್ತೈದು ವರ್ಷವಾಯಿತು, ಕೇಳುವವರಿಲ್ಲ. ಈ ಜಾಗಕ್ಕೆ ಬಸ್ ನಿಲ್ದಾಣದ ಬೋರ್ಡು ಬಂದ ದಿನ ನಾನು ಹೆದರಿ ಕಾಗದ ಪೆನ್ನು ಹಿಡಿದೆ. ತಿಂಗಳ ಕೊನೆಯೊಳಗೆ ಪಟ್ಟಿ ರಾಜಧಾನಿ ರಬಾತಿನ ಕಚೇರಿಗೆ ಮುಟ್ಟಿದರೆ ಸ್ಮಶಾನ ಉಳಿಯುತ್ತದೆ, ಇಲ್ಲದಿದ್ದರೆ ಬುಲ್ಡೋಜರು. ಗೋರಿ ಕಡಿಮೆಯಾದೀತೆಂದು ದಿನವೂ ಹೆದರಿದ್ದೆ. ಹೆಚ್ಚಾದೀತೆಂದು ಒಂದು ದಿನವೂ ಹೊಳೆದಿರಲಿಲ್ಲ.

ಹೆಚ್ಚಾದದ್ದು ಯಾವುದೆಂದು ಹುಡುಕಲು ಮಧ್ಯಾಹ್ನವಾಯಿತು. ಅರ್ಧಕ್ಕರ್ಧ ಗೋರಿಗಳ ಮೇಲೆ ಹೆಸರೇ ಇಲ್ಲ. ಹಿಂದಿನವರು ಇಟ್ಟಿಗೆಯಲ್ಲಿ ಮಗುಚಿದ ದೋಣಿಯ ಹಾಗೆ ಕಟ್ಟಿ, ಸುಣ್ಣ ಬಳಿದು ಬಿಟ್ಟಿದ್ದಾರೆ. ನೋಡಿದರೆ ಎಲ್ಲವೂ ಒಂದೇ. ಸಾಲು ಸಾಲಾಗಿ ನಕ್ಷೆಯ ಜೊತೆ ಹೋಲಿಸುತ್ತ ಕೊನೆಯ ಸಾಲಿಗೆ ಬಂದೆವು. ಅಲ್ಲೊಂದು ಅಂಜೂರದ ಮರ. ಮೀರ್ ಆ ಮರವನ್ನು ಬರೆದಿದ್ದ, ಅದರ ಬೊಡ್ಡೆಯ ಸುತ್ತಳತೆಯನ್ನೂ ಬರೆದಿದ್ದ. ಮರದ ಕೆಳಗೆ ಏನನ್ನೂ ಬರೆದಿರಲಿಲ್ಲ.

ಮರದ ಕೆಳಗೆ ಬೆಳ್ಳಗೆ ಒಂದು ಗೋರಿ ಮಲಗಿತ್ತು.

ಝೆರ್ವಾಲ್ ಮಂಡಿಯೂರಿ ಕುಳಿತು ಜೇಬಿನಿಂದ ಸಣ್ಣದೊಂದು ಉಕ್ಕಿನ ಕೊಕ್ಕೆ ತೆಗೆದರು. ಹಲ್ಲು ಕೆರೆಯುವ ಕೊಕ್ಕೆ. ಅವರ ಭಾವಮೈದುನ ಫೆಜ್ ನಗರದಲ್ಲಿ ದಂತವೈದ್ಯ. ಪಕ್ಕದ ಹಳೆಯ ಗೋರಿಯ ಮೂಲೆಯಲ್ಲಿ ಮೊದಲು ಕೆರೆದರು. ಸುಣ್ಣ ಬ್ರೆಡ್ಡಿನ ಚೂರಿನಷ್ಟು ದಪ್ಪಕ್ಕೆ ಎದ್ದುಬಂತು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಪದರದ ಮೇಲೆ ಪದರ, ಎಣಿಸಲಾಗದಷ್ಟು. ನಡುವೆ ಒಂದೇ ಒಂದು ತೆಳು ನೀಲಿ ಗೆರೆ.

"ಈ ನೀಲಿ ಏನು?"

ನನಗೆ ಗೊತ್ತಿತ್ತು. ಸ್ಮಶಾನದ ಕಾವಲಿನ ಲಲ್ಲಾ ಯಾಮ್ನಾ ಪ್ರತಿ ವಸಂತದಲ್ಲೂ, ದೂರದಿಂದ ಯೆಹೂದಿ ಯಾತ್ರಿಕರು ಬರುವ ಮುಂಚೆ, ಅಷ್ಟೂ ಗೋರಿಗಳಿಗೆ ಸುಣ್ಣ ಹೊಡೆಯುತ್ತಾಳೆ. ಎಂಬತ್ತೇಳರಲ್ಲಿ ಬಟ್ಟೆಗೆ ಹಾಕುವ ನೀಲಿ ಪೂರ್ತಿ ಡಬ್ಬ ಸುಣ್ಣಕ್ಕೆ ಬಿದ್ದುಹೋಗಿ, ಆ ವರ್ಷ ಸ್ಮಶಾನವೆಲ್ಲ ಆಕಾಶದ ಬಣ್ಣಕ್ಕೆ ತಿರುಗಿತ್ತು. ಊರು ತಿಂಗಳುಗಟ್ಟಲೆ ಆಡಿಕೊಂಡು ನಕ್ಕಿತ್ತು.

ಝೆರ್ವಾಲ್ ಅಂಜೂರದ ಕೆಳಗಿನ ಗೋರಿಯನ್ನು ಕೆರೆದರು. ಗಾಜು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು.

ನೀಲಿಯ ಮೇಲೆ ಏಳು ಪದರ. ನೀಲಿಯ ಕೆಳಗೆ ಮೂರೇ ಮೂರು. ಅದರ ಕೆಳಗೆ ಬರೀ ಇಟ್ಟಿಗೆ.

ಹನ್ನೊಂದು ವಸಂತ. ಈ ವರ್ಷದಿಂದ ಹಿಂದಕ್ಕೆ ಎಣಿಸಿದರೆ ಮೊದಲ ಸುಣ್ಣ ಎಂಬತ್ತನಾಲ್ಕರದ್ದು. ಮೀರ್ ಕಾಣೆಯಾದ ಚಳಿಗಾಲ ಮುಗಿದ ಮೇಲಿನ ಮೊದಲ ವಸಂತ. ಈ ಊರಿನಲ್ಲಿ ಯೆಹೂದಿ ಶವ ಮಣ್ಣಾದದ್ದು ಅರವತ್ತೊಂಬತ್ತರಲ್ಲಿ ಕೊನೆ.

ಗಾಜನ್ನು ಝೆರ್ವಾಲರಿಗೆ ಹಿಂದಕ್ಕೆ ಕೊಟ್ಟೆ.

ಅದೇ ಹೊತ್ತಿಗೆ ಗೋಡೆಯಾಚೆ ಕಾರು ನಿಂತಿತು. ಹಾಜಿ ಲಹ್ರೀಶಿ. ಬಸ್ ನಿಲ್ದಾಣದ ಗುತ್ತಿಗೆ ಅವರದೇ. ಒಂದು ಕಾಲದಲ್ಲಿ ಗಾರೆ ಕೆಲಸ ಮಾಡುತ್ತಿದ್ದವರು, ಈಗ ಸುಣ್ಣದ ಭಟ್ಟಿ, ಇಟ್ಟಿಗೆ ಗೂಡು ಎಲ್ಲ ಇದೆ. ಕಿಟಕಿ ಇಳಿಸಿ, ಸತ್ತವರು ಎಷ್ಟು ಜನ ಅಂತ ಎಣಿಸಿ ಮುಗೀತಾ ಮೇಷ್ಟ್ರೇ, ಬದುಕಿರೋರು ಬಿಸಿಲಲ್ಲಿ ಬಸ್ಸಿಗೆ ಕಾಯ್ತಿದ್ದಾರೆ ಎಂದು ಕೇಳಿದರು. ಝೆರ್ವಾಲ್ ನಗುತ್ತಲೇ ಅವರ ಹತ್ತಿರ ಹೋಗಿ, ಇಲ್ಲಿಗೆ ಸುಣ್ಣ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿದರು. ತನ್ನ ಭಟ್ಟಿಯಿಂದಲೇ, ಹತ್ತು ಹನ್ನೊಂದು ವರ್ಷದಿಂದ ಪುಕ್ಕಟೆ, ಪುಣ್ಯದ ಕೆಲಸ ಎಂದರು ಹಾಜಿ. ಕಾರು ಹೋಯಿತು.

"ಕೆಡವೋಕೆ ಕಾಯ್ತಿರೋ ಮನುಷ್ಯ ಪುಕ್ಕಟೆ ಸುಣ್ಣ ಕೊಡ್ತಾನೆ," ಅಂದರು ಝೆರ್ವಾಲ್, ಕೊಕ್ಕೆ ಒರೆಸುತ್ತ. "ಇಂಥ ಪುಣ್ಯವಂತರು ನಮ್ಮ ಫೆಜ್‌ನಲ್ಲಿ ಸಿಗಲ್ಲಪ್ಪ."

ಲಲ್ಲಾ ಯಾಮ್ನಾ ಬಾಗಿಲ ಪಕ್ಕದ ಒಂದೇ ಕೋಣೆಯ ಮನೆಯಲ್ಲಿದ್ದಳು. ಅವಳ ಅಜ್ಜನ ಕಾಲದಿಂದ ಈ ಸ್ಮಶಾನದ ಬೀಗದ ಕೈ ಆ ಮನೆಯಲ್ಲೇ ಇದೆ. ತಾವು ಮುಸಲ್ಮಾನರು, ಕಾಯುವುದು ಯೆಹೂದಿಗಳನ್ನು ಎನ್ನುವುದು ಆ ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಅರವತ್ತೆಂಟರ ಹೆಂಗಸು, ಗಲ್ಲದ ಮೇಲೆ ಹಚ್ಚೆ. ಪುದೀನ ಚಹಾ ಮಾಡಿ, ಲೋಟ ತುಂಬಿ, ನಮ್ಮ ಮುಂದಿಟ್ಟಳು.

ಎಷ್ಟು ಗೋರಿ ಇವೆ ಎಂದು ಝೆರ್ವಾಲ್ ಕೇಳಿದರು.

"ನಾನೆಲ್ಲಿ ಎಣಿಸ್ತೀನಪ್ಪಾ. ನನ್ನ ಸುಣ್ಣ ಎಣಿಸುತ್ತೆ."

"ಎಂಬತ್ತನಾಲ್ಕರಲ್ಲಿ ಸುಣ್ಣ ಏನು ಹೇಳ್ತು?"

ಲಲ್ಲಾ ಯಾಮ್ನಾ ಚಹಾದ ಕೆಟಲನ್ನು ತಟ್ಟೆಯ ಮೇಲೆ ಸರಿಯಾಗಿ ಕೂರಿಸಿದಳು, ಮತ್ತೆ ಎತ್ತಿದಳು, ಮತ್ತೆ ಕೂರಿಸಿದಳು. ಝೆರ್ವಾಲ್ ಪದರಗಳ ವಿಷಯ ಹೇಳಿದರು. ಮೂರು, ಒಂದು, ಏಳು. ಅವರ ದನಿ ಏರಲಿಲ್ಲ. ನಿನ್ನ ಕೈಯಿಂದಲೇ ಹನ್ನೊಂದು ಸಲ ಬಳಿದಿದ್ದೀಯ ತಾಯಿ, ಹೊಸ ಗೋರಿ ಎಂದು ಗೊತ್ತಾಗದೆ ಬಳಿದೆ ಅಂದರೆ ನಾನು ನಂಬುವುದಿಲ್ಲ ಎಂದರು.

"ನಂಬಬೇಡಿ," ಅಂದಳು ಆಕೆ. "ಗೊತ್ತಿತ್ತು."

ನಾನು ಲೋಟ ಕೆಳಗಿಟ್ಟೆ. ಮೂವತ್ತು ವರ್ಷದಿಂದ ಬಲ್ಲ ಹೆಂಗಸು. ಎರಡು ವರ್ಷ ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲೇ ನಡೆದು ಗೋರಿಗಳನ್ನು ತೋರಿಸಿದವಳು. ಅಂಜೂರದ ಸಾಲಿಗೆ ಬಂದಾಗಲೆಲ್ಲ ಅಲ್ಲಿ ಮುಳ್ಳು ಜಾಸ್ತಿ, ಹಾವಿದೆ ಎಂದು ನನ್ನನ್ನು ಆಚೆ ತಿರುಗಿಸಿದ್ದು ಆಗ ನೆನಪಾಯಿತು.

ಆಮೇಲೆ ಆಕೆಯೇ ಹೇಳಿದಳು. ಅವಳ ಒಬ್ಬಳೇ ಮಗಳು ಇಟ್ಟೊ, ಇಪ್ಪತ್ತೆರಡರ ಹುಡುಗಿ, ನನ್ನ ಬಳಿ ಓದಿದವಳು, ಆ ಅಕ್ಟೋಬರಿನಲ್ಲಿ ಮೀರ್‌ನ ಅಳತೆ ಪಟ್ಟಿ ಹಿಡಿದು ಇಡೀ ದಿನ ಅವನ ಹಿಂದೆ ಓಡಾಡುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಹಾಸಿಗೆ ಖಾಲಿ. ಮೀರ್ ಇಳಿದುಕೊಂಡಿದ್ದ ಕೋಣೆಯೂ ಖಾಲಿ. ಓಡಿಹೋದರು ಎಂದು ಊರೆಲ್ಲ ಮಾತಾಡಿತು. ಲಲ್ಲಾ ಯಾಮ್ನಾ ತಲೆ ತಗ್ಗಿಸಿಕೊಂಡು ಚಳಿಗಾಲ ಕಳೆದಳು. ವಸಂತದಲ್ಲಿ ಸುಣ್ಣ ಹೊಡೆಯಲು ಹೋದರೆ ಮರದ ಕೆಳಗೆ ಗೋರಿ.

"ಅವಳಿಗೆ ಮೂಗಿನ ತುದೀಲೇ ಕೋಪ," ಅಂದಳು. "ಆ ಹುಡುಗ ಏನೋ ಅಂದಿರಬೇಕು, ಇವಳು ಏನೋ ಮಾಡಿರಬೇಕು. ಅವನನ್ನ ಇಲ್ಲಿ ಮುಚ್ಚಿ ಓಡಿದಾಳೆ ಅಂದ್ಕೊಂಡೆ. ಗಾರೆ ಇನ್ನೂ ಹೊಸ್ದು, ನೋಡಿದೋರಿಗೆ ಗೊತ್ತಾಗ್ತಿತ್ತು. ಗಾರೆ ಸಂದಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಸುಣ್ಣ ಹೊಡೆದೆ. ಹಬ್ಬಕ್ಕೆ ಅವಳ ಕಾಗದ ಬಂತು, ಬೆಲ್ಜಿಯಮ್ಮಿಂದ. ಕಾರ್ಖಾನೆ ಕೆಲಸ, ಆರಾಮಾಗಿದ್ದೀನಿ, ಊರಿಗೆ ಬರೋ ಹಾಗಿಲ್ಲ ಅಂತ. ಬರೋ ಹಾಗಿಲ್ಲ ಅಂದ ಮೇಲೆ ನನಗೆ ಖಾತ್ರಿ ಆಯ್ತು."

"ಆಮೇಲೂ ಕಾಗದ ಬಂತಾ?"

"ಪ್ರತಿ ರಂಜಾನ್ ಹಬ್ಬಕ್ಕೂ ಒಂದು. ನನ್ನ ಮನೆಗೆ ನಂಬರಿಲ್ವಲ್ಲ, ಶಾಲೆ ವಿಳಾಸಕ್ಕೆ ಬರುತ್ತೆ. ಈ ಮೇಷ್ಟ್ರೇ ತಂದು ಓದಿ ಹೇಳ್ತಾರೆ, ಪಾಪ."

ಝೆರ್ವಾಲ್ ನನ್ನ ಕಡೆ ನೋಡಿದರು. ನಾನು ಲೋಟದೊಳಗಿನ ಪುದೀನ ಎಲೆ ನೋಡಿದೆ.

ನಾಳೆ ಗೋರಿ ತೆಗೆಸುತ್ತೇನೆ, ನೀನು ಮಗಳಿಗಾಗಿ ಕೊಲೆ ಮುಚ್ಚಿಟ್ಟಿದ್ದೀಯ, ಅದಕ್ಕೆ ನಿನ್ನನ್ನು ಕರೆದೊಯ್ಯಬೇಕಾಗುತ್ತದೆ ಎಂದು ಝೆರ್ವಾಲ್ ಹೇಳಿದರು. ಲಲ್ಲಾ ಯಾಮ್ನಾ ಒಪ್ಪಿದಳು. ಆದರೆ ತೆಗೆಯುವಾಗ ತಾನು ಅಲ್ಲಿ ನಿಲ್ಲಬೇಕು ಎಂದಳು. ಆ ಹುಡುಗನ ತಾಯಿ ಬದುಕಿಲ್ಲ, ಒಬ್ಬ ಹೆಂಗಸಾದರೂ ಇರಬೇಕು ಎಂದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಫೆಜ್‌ನಿಂದ ಬಸ್ಸಿನಲ್ಲಿ ರಿಬ್ಬಿ ಮಖ್ಲೂಫ್ ಬಂದರು. ಎಂಬತ್ತು ದಾಟಿದ ಯೆಹೂದಿ ಗುರು. ಈ ಊರಿನ ಕೊನೆಯ ಶವಸಂಸ್ಕಾರ ಮಾಡಿಸಿದವರೂ ಅವರೇ. ನಮ್ಮ ಗೋರಿಗಳನ್ನು ಮುಟ್ಟಬಾರದು ಎಂದು ಮೊದಲು ಹೇಳಿದರು. ಝೆರ್ವಾಲ್ ನಕ್ಷೆ ತೋರಿಸಿದ ಮೇಲೆ, ಇದು ನಮ್ಮ ಪುಸ್ತಕದಲ್ಲಿಲ್ಲ, ತೆಗೆಯಿರಿ ಎಂದರು. ಡಾಕ್ಟರು ಬಂದಿದ್ದರು, ಇಬ್ಬರು ಕೆಲಸದವರಿದ್ದರು. ಗೋಡೆಯಾಚೆ ಆಗಲೇ ಜನ ಸೇರಿದ್ದರು. ಹೆಣ ಸಿಕ್ಕಿದರೆ ಸ್ಮಶಾನಕ್ಕೆ ಪೊಲೀಸ್ ಬೀಗ, ನನ್ನ ಪಟ್ಟಿ ರಬಾತಿಗೆ ಹೋಗುವುದಿಲ್ಲ, ಹಾಜಿಯ ಬುಲ್ಡೋಜರಿಗೆ ದಾರಿ ಸಲೀಸು. ಆ ಕ್ಷಣದವರೆಗೂ ನಾನು ಚಿಂತಿಸುತ್ತಿದ್ದದ್ದು ಅದನ್ನೇ. ಹೇಳಲು ನಾಚಿಕೆಯಾಗುತ್ತದೆ.

ಇಟ್ಟಿಗೆ ಸುಲಭವಾಗಿ ಬಿಟ್ಟುಕೊಂಡಿತು. ಕೆಳಗೆ ದೇವದಾರು ಹಲಗೆ, ಹಲಗೆಯ ಕೆಳಗೆ ಪುಡಿಮಣ್ಣು. ಕೆಲಸದವರು ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಎತ್ತಿದರು. ಲಲ್ಲಾ ಯಾಮ್ನಾ ನಾಲ್ಕು ಹೆಜ್ಜೆ ದೂರದಲ್ಲಿ ಕಿತ್ತಳೆ ಹೂವಿನ ನೀರಿನ ಬಾಟಲಿ ಹಿಡಿದು, ಬೇರೆಯವರ ಮಗನಿಗಾಗಿ ತುಟಿ ಅಲುಗಿಸುತ್ತಿದ್ದಳು.

ಮೊದಲು ಕಂಡದ್ದು ಬಿಳಿ ಬಟ್ಟೆ, ಮಣ್ಣಿನ ಬಣ್ಣಕ್ಕೆ ತಿರುಗಿದ್ದು. ಯಾರೋ ಕಫನ್ ಸುತ್ತಿ, ಗಂಟು ಕಟ್ಟಿ, ಕ್ರಮವಾಗಿ ಮಲಗಿಸಿದ್ದರು.

ರಿಬ್ಬಿ ಮಖ್ಲೂಫ್ ಬಗ್ಗಿ ನೋಡಿದರು. ಕೋಲು ಊರಿಕೊಂಡು ನೆಟ್ಟಗಾದರು.

"ನಮ್ಮವರನ್ನ ಬೆನ್ನ ಮೇಲೆ ಮಲಗಿಸ್ತೀವಿ," ಅಂದರು ಮೆಲ್ಲಗೆ. "ಇದು ಬಲ ಮಗ್ಗುಲು. ಮುಖ ಮೆಕ್ಕಾ ಕಡೆಗಿದೆ. ಮಲಗಿಸಿದ್ದು ನಿಮ್ಮವರು, ಇನ್ಸ್‌ಪೆಕ್ಟರೇ. ಮಲಗಿರೋದೂ ನಿಮ್ಮವರೇ."

ಡಾಕ್ಟರು ಬಟ್ಟೆ ಬಿಡಿಸಿದರು. ತಲೆಬುರುಡೆಯ ಹಿಂಬದಿಯಲ್ಲಿ ಮೊಟ್ಟೆ ಒಡೆದಂತೆ ಒಂದು ಕುಳಿ. ಅದರ ಕೆಳಗಿನಿಂದ, ಸುಣ್ಣದ ಒಣ ಮಣ್ಣಿನಲ್ಲಿ ಕೆಡದೆ ಉಳಿದ ಕೂದಲು ಹೊರಬಂತು. ಉದ್ದದ ಜಡೆ. ಗೋರಂಟಿಯ ಕೆಂಪು ಇನ್ನೂ ಅದರಲ್ಲಿತ್ತು.

ಝೆರ್ವಾಲ್ ಬಾಯಿ ತೆರೆದು ಹಾಗೇ ನಿಂತಿದ್ದರು. ಅವರು ಹೀಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರು ಎದೆಯ ಬಳಿಯಿಂದ ಏನನ್ನೋ ಎತ್ತಿ ಅಂಗೈಯಲ್ಲಿ ಒರೆಸಿದರು. ನಮ್ಮ ಬೆಟ್ಟದ ಹೆಂಗಸರು ಸೆರಗಿಗೆ ಚುಚ್ಚುವ ತ್ರಿಕೋನದ ಬೆಳ್ಳಿ ಪಿನ್ನು. ಬೆಳ್ಳಿ ಕಡ್ಡಿ ಮುರಿದು, ಅದರ ಜಾಗದಲ್ಲಿ ಕಬ್ಬಿಣದ ತಂತಿ ಸುತ್ತಿತ್ತು.

ಲಲ್ಲಾ ಯಾಮ್ನಾಳ ಕೈಯಿಂದ ಬಾಟಲಿ ಬಿತ್ತು. ಆಕೆ ಕೂಗಲಿಲ್ಲ. ನಡೆದು ಬಂದಳು, ಕೆಲಸದವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು, ಕುಣಿಯ ಅಂಚಿನಲ್ಲಿ ಕುಳಿತಳು.

"ಆ ತಂತಿ ನಾನು ಸುತ್ತಿದ್ದು," ಅಂದಳು. "ಬೇಲಿ ತಂತಿ ಅದು."

ಕೈ ಚಾಚಿ ಜಡೆಯಲ್ಲಿ ಸಿಕ್ಕಿದ ಮಣ್ಣಿನ ಹೆಂಟೆಯನ್ನು ಒಂದೊಂದಾಗಿ ಬಿಡಿಸತೊಡಗಿದಳು, ಶಾಲೆಗೆ ಹೊರಟ ಹುಡುಗಿಯ ತಲೆ ಬಾಚುವವಳ ಹಾಗೆ. ಹನ್ನೊಂದು ವಸಂತ ಮಗಳು ಕೊಲೆಗಾರ್ತಿ ಎಂದು ನಂಬಿ ಅವಳನ್ನು ಉಳಿಸಲು ಸುಣ್ಣ ಹೊಡೆದವಳು. ಹೊಡೆದದ್ದು ಮಗಳ ಗೋರಿಗೇ. ರಿಬ್ಬಿ ಮಖ್ಲೂಫ್ ಮುಖ ತಿರುಗಿಸಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡರು.

ಎಷ್ಟು ಹೊತ್ತಾಯಿತೋ. ಆಕೆ ತಲೆ ಎತ್ತಿದಾಗ ನೋಡಿದ್ದು ಇನ್ಸ್‌ಪೆಕ್ಟರನ್ನಲ್ಲ, ಡಾಕ್ಟರನ್ನಲ್ಲ. ನನ್ನನ್ನು.

"ಮೊನ್ನೆ ಹಬ್ಬಕ್ಕೆ ನನ್ನ ಮುಂದೆ ಕೂತು ಯಾರ ಕಾಗದ ಓದಿದೆ ನೀನು?"

ಸುಳ್ಳು ಹೇಳಲು ಒಂದು ಕ್ಷಣ ಸಿಕ್ಕಿತ್ತು. ಆದರೆ ಆ ಜಡೆ ಇನ್ನೂ ಆಕೆಯ ಕೈಯಲ್ಲಿತ್ತು.

ಹೇಳಿದೆ. ಎಂಬತ್ತನಾಲ್ಕರಿಂದ ಐದು ವರ್ಷ ಕಾಗದ ನಿಜವಾಗಿಯೂ ಬಂದವು. ಬೆಲ್ಜಿಯಮ್ಮಿನ ಅಂಚೆ ಚೀಟಿ, ದುಂಡು ಅಕ್ಷರ. ಇಟ್ಟೊಳ ನೋಟ್‌ಬುಕ್ ತಿದ್ದಿದವನು ನಾನು, ಅವಳದೇ ಬರಹವೆಂದು ನಂಬಿದ್ದೆ. ಎಂಬತ್ತೊಂಬತ್ತರ ಹಬ್ಬಕ್ಕೆ ಬರಲಿಲ್ಲ. ಲಲ್ಲಾ ಯಾಮ್ನಾ ಮೂರು ದಿನ ಶಾಲೆಯ ಗೇಟಿನಲ್ಲಿ ಕುಳಿತಳು, ಊಟ ಬಿಟ್ಟಳು. ನಾಲ್ಕನೇ ದಿನ ನಾನೇ ಒಂದು ಬರೆದು ತಂದು ಓದಿದೆ. ಮುಂದಿನ ವರ್ಷವೂ ಬರಲಿಲ್ಲ, ಮತ್ತೆ ಬರೆದೆ. ಹೀಗೆ ಆರು. ಒಂದರಲ್ಲಿ ಅವಳಿಗೆ ಹೊಸ ಕೋಟು ಕೊಡಿಸಿದೆ, ಒಂದರಲ್ಲಿ ಜ್ವರ ಬರಿಸಿ ವಾಸಿ ಮಾಡಿದೆ.

ಲಲ್ಲಾ ಯಾಮ್ನಾ ನನ್ನನ್ನು ನೋಡುತ್ತಲೇ ಇದ್ದಳು. ಅವಳು ಬೈದಿದ್ದರೆ, ಮಣ್ಣು ಎತ್ತಿ ಮುಖಕ್ಕೆ ಎರಚಿದ್ದರೆ ಸಹಿಸಬಹುದಿತ್ತು.

ಝೆರ್ವಾಲ್ ನನ್ನ ತೋಳು ಹಿಡಿದು ಮರದ ಆಚೆಗೆ ಕರೆದೊಯ್ದರು. ಹಿಡಿತ ಬಿಗಿಯಾಗಿತ್ತು. ಸತ್ತವಳ ಹೆಸರಿನಲ್ಲಿ ಬರೆಯುವವನು, ಸತ್ತಿದ್ದಾಳೆಂದು ಗೊತ್ತಿದ್ದೇ ಬರೆದಿರಬೇಕು ಎಂದು ಮೊದಲು ಹೇಳುವುದು ನನ್ನ ಮೇಲಧಿಕಾರಿ, ಮೇಷ್ಟ್ರೇ ಎಂದರು. ನಾನು ಮೊದಲ ಐದು ಕಾಗದಗಳ ಮಾತೆತ್ತಿದೆ. ಅವು ನನ್ನವಲ್ಲ. ಅವುಗಳ ಮೇಲೆ ಅಂಚೆ ಮುದ್ರೆಯಿದೆ, ತಾರೀಕಿದೆ, ಬರೆದವನ ಕೈಯಿದೆ. ಅವಳನ್ನು ಕೊಂದು, ಆಮೇಲೆ ಅವಳಂತೆ ಬರೆದವನು ಯಾರೋ ಅವನು ಆ ಐದರೊಳಗಿದ್ದಾನೆ.

"ಎಲ್ಲಿವೆ?"

ಕಾಗದಗಳೆಲ್ಲ ಲಲ್ಲಾ ಯಾಮ್ನಾಳ ಮನೆಯ ಮರದ ಪೆಟ್ಟಿಗೆಯಲ್ಲಿ, ಚಹಾದ ಡಬ್ಬದೊಳಗಿವೆ ಎಂದೆ. ಪ್ರತಿ ಹಬ್ಬದ ದಿನ ಓದಿ ಮುಗಿಸಿದ ಮೇಲೆ ಆಕೆ ಅದರಲ್ಲಿಟ್ಟು ಬೀಗ ಹಾಕುವುದನ್ನು ನೋಡಿದ್ದೆ. ಬೀಗದ ಕೈ ಸದಾ ಆಕೆಯ ಕೊರಳಲ್ಲೇ ಇರುತ್ತದೆ.

ಲಲ್ಲಾ ಯಾಮ್ನಾ ಕೊರಳ ದಾರ ಬಿಚ್ಚಿ ಬೀಗದ ಕೈ ಕೊಟ್ಟಳು. ಮೂವರೂ ಮನೆಯೊಳಗೆ ಹೋದೆವು. ಪೆಟ್ಟಿಗೆಯ ಬೀಗ ಗಟ್ಟಿಯಾಗಿತ್ತು, ಕೆರೆದ ಗುರುತು ಕೂಡ ಇರಲಿಲ್ಲ. ಝೆರ್ವಾಲ್ ಡಬ್ಬ ತೆಗೆದು ಚಾಪೆಯ ಮೇಲೆ ಕುಳಿತು ಕಾಗದಗಳನ್ನು ಒಂದೊಂದಾಗಿ ಹರಡಿದರು. ನಾನು ಉಸಿರು ಹಿಡಿದು ಬೆಲ್ಜಿಯಮ್ಮಿನ ಅಂಚೆ ಚೀಟಿಗಾಗಿ ಕಾದೆ.

ಒಂದು. ಎರಡು. ಮೂರು. ಆರಕ್ಕೆ ಅವರ ಕೈ ನಿಂತಿತು. ಡಬ್ಬ ಬೋರಲು ಹಾಕಿ ತಟ್ಟಿದರು.

"ಹಬ್ಬದ ದಿನ ಹನ್ನೊಂದೂ ಇತ್ತು," ಅಂದಳು ಲಲ್ಲಾ ಯಾಮ್ನಾ, ಬಾಗಿಲ ಚೌಕಟ್ಟು ಹಿಡಿದುಕೊಂಡು. "ಕೈಯಾರೆ ಮುಟ್ಟಿ ಎಣಿಸಿ ಇಟ್ಟಿದೀನಿ."

ಝೆರ್ವಾಲ್ ಎದ್ದರು. ನನ್ನನ್ನು ದಾಟಿ ಹೋಗಿ ಬಾಗಿಲಿಗೆ ಅಡ್ಡ ನಿಂತರು.

ಚಾಪೆಯ ಮೇಲೆ ಆರು ಕಾಗದಗಳಿದ್ದವು. ಆರೂ ನನ್ನ ಕೈಬರಹ.